ಅಟ್ಟದ ಕಾಯಿ, ಭಾವನ ಡ್ರಮ್ಮು

ಫ್ಲೆಕ್ಸಿನಲ್ಲಿ ‘ಮೃದುಭಾಷಿ’ ಎಂದು ಬರೆದುಕೊಟ್ಟವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಭಾವ ತೀರಿಕೊಂಡ ಮಾರನೆಯ ದಿನ ಬ್ಯಾಂಡ್ ಮಾಸ್ಟರು ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ, “ಮೇಷ್ಟ್ರೇ, ಫ್ಲೆಕ್ಸಿಗೆ ಎಲ್ಡು ಲೈನು ಬರ್ಕೊಡಿ, ಮಧ್ಯಾಹ್ನದೊಳ್ಗೆ ಪ್ರಿಂಟಿಗೆ ಹೋಗ್ಬೇಕು” ಅಂದರು. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕ. ಊರಿನಲ್ಲಿ ಯಾರು ಸತ್ತರೂ ಎರಡು ಲೈನು ನನ್ನ ಪಾಲಿಗೆ ಬರುತ್ತದೆ. ‘ಸರಳ ಸಜ್ಜನ, ಮೃದುಭಾಷಿ, ಪ್ರಗತಿಪರ ರೈತ, ಕಲಾವಿದ’ ಎಂದು ಬರೆದುಕೊಟ್ಟೆ. ಹಿಂದಿನ ಮೂರು ಸಾವಿಗೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದೆ. ‘ಕಲಾವಿದ’ ಒಂದು ಹೊಸದು.

ಬಸ್‌ಸ್ಟಾಪಿನಲ್ಲಿ ಕಟ್ಟಿದ ಫ್ಲೆಕ್ಸನ್ನು ಜನ ನಿಂತು ಓದಿದರು. ‘ಮೃದುಭಾಷಿ’ ಬಂದ ಕಡೆ ನಕ್ಕರು. ನಕ್ಕ ಮೇಲೆ ಸಾವಿನ ಫ್ಲೆಕ್ಸು ಎಂದು ನೆನಪಾಗಿ ಕೈಮುಗಿದರು. ಭಾವ ತಮ್ಮ ಹಿತ್ತಲಿನಲ್ಲಿ ನಿಂತು “ಹಿಂಡಿ ಮುಗೀತು ಕಣೇ” ಅಂದರೆ ಹಾಲಿನ ಡೈರಿಯ ಹತ್ತಿರ ನಿಂತವರು “ನಮ್ಮನೇಲಿ ಐತೆ, ತಗಂಡೋಗಿ” ಅನ್ನುತ್ತಿದ್ದರು. ಅಂಥ ಗಂಟಲಿನ ಮನುಷ್ಯ ಆತ. ಫೋಟೊ ಬೇರೆ ಇರಲಿಲ್ಲ, ಬ್ಯಾಂಡಿನ ಕೆಂಪು ಕೋಟಿನದೇ ಹಾಕಿದ್ದರು. ಎಡಗಿವಿಯ ಪಕ್ಕದಲ್ಲಿ ಮಾಸ್ಟರ ಕ್ಲಾರಿನೆಟ್ಟಿನ ಬಾಯಿ ಇಣುಕುತ್ತಿತ್ತು. ಅದನ್ನು ಅಳಿಸಲಾಗದೆ ಪ್ರಿಂಟಿಂಗ್ ಅಂಗಡಿಯವನು ಅದರ ಮೇಲೊಂದು ಉರಿಯುವ ದೀಪ ಅಂಟಿಸಿದ್ದ. ಭಾವನ ಕಿವಿಗೆ ಬೆಂಕಿ ಬಿದ್ದಂತೆ ಕಾಣುತ್ತಿತ್ತು. ಅದೊಂದು ಮಾತ್ರ ಆ ಫ್ಲೆಕ್ಸಿನಲ್ಲಿ ಸತ್ಯಕ್ಕೆ ಹತ್ತಿರವಾಗಿತ್ತು.

ಫ್ಲೆಕ್ಸಿನಲ್ಲಿ ಹೆಸರು ಅಂಗೈಯಗಲದ ಅಕ್ಷರದಲ್ಲಿದೆ. ಇಲ್ಲಿ ಬೇಡ. ಬರೆಯುವುದೆಲ್ಲ ನಿಜವೇ ಆಗಿದ್ದರೆ ಹೆಸರು ಹಾಕಬಹುದಿತ್ತು. ಆ ಧೈರ್ಯ ನನಗಿಲ್ಲ. ನಾನು ದಿನಚರಿ ಬರೆಯುವವನು. ನನ್ನ ನೆನಪನ್ನು ನಂಬುವುದಿಲ್ಲ. ದಿನಚರಿಯನ್ನು ಅದಕ್ಕಿಂತ ಕಡಿಮೆ ನಂಬುತ್ತೇನೆ, ಏಕೆಂದರೆ ಅದನ್ನು ಬರೆದವನು ಎಂಥವನೆಂದು ನನಗೆ ಗೊತ್ತು.

ಭಾವ ಅಂದರೆ ರಕ್ತಸಂಬಂಧವಲ್ಲ, ಪಕ್ಕದ ಮನೆಯವರು. ಅವರ ಹೆಂಡತಿ ನನ್ನ ತಾಯಿಯ ಊರಾದ ಸಂಪಿಗೆಯವರು, ಹಾಗಾಗಿ ನನಗೆ ಅಕ್ಕ. ಅಕ್ಕನ ಗಂಡ ಭಾವ. ನಮ್ಮ ಕಡೆ ಭಾವ-ಬಾಮೈದರಿಗೆ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಳೆಯುವ ಹಕ್ಕು ತಾನಾಗಿ ಬರುತ್ತದೆ. ಭಾವ ಅದನ್ನು ದಿನಕ್ಕೆರಡು ಬಾರಿ ಚಲಾಯಿಸುತ್ತಿದ್ದರು. ನಾನು ಇದನ್ನು ಬರೆದು ಚಲಾಯಿಸುತ್ತಿದ್ದೇನೆ.

ಮಾಯಸಂದ್ರದ ರಸ್ತೆಗೆ ಅಂಟಿದ ನಮ್ಮ ಊರಿನಲ್ಲಿ ಅವರಿಗೆ ಮೂರೆಕರೆ ತೆಂಗಿನ ತೋಟ, ಪಕ್ಕದಲ್ಲಿ ಒಂದಿಷ್ಟು ರಾಗಿ ಹೊಲ, ಒಂದು ಹಸು. ಇವೆಲ್ಲದರ ಜೊತೆಗೆ ಹೆಗಲಿಗೆ ಬೆಲ್ಟು ಹಾಕಿ ಹೊಟ್ಟೆಯ ಮುಂದೆ ನೇತುಬಿಡುವ ಒಂದು ಡ್ರಮ್ಮು. ತುರುವೇಕೆರೆ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮಾಸ್ಟರು ಕಟ್ಟಿದ ಏಳು ಜನರ ಬ್ಯಾಂಡಿನಲ್ಲಿ ಭಾವ ಇಪ್ಪತ್ತೈದು ವರ್ಷ ಬಾರಿಸಿದರು. ಇಪ್ಪತ್ತೈದು ಎಂದು ಅವರು ಹೇಳುತ್ತಿದ್ದದ್ದು. ನಾನು ಚಿಕ್ಕವನಿದ್ದಾಗಲೂ ಇಪ್ಪತ್ತೈದೇ ಅನ್ನುತ್ತಿದ್ದರು.

ಅವರ ಕಣ್ಣಿಗೆ ಬೇಸಾಯವೂ ಬ್ಯಾಂಡೂ ಬೇರೆ ಬೇರೆ ಕಸುಬಾಗಿರಲಿಲ್ಲ. ತೋಟದ ಸಾಲುಗಳನ್ನು ನಾಲ್ಕು ನಾಲ್ಕಾಗಿ ಎಣಿಸುತ್ತಿದ್ದರು; ಸಾಲಿನಲ್ಲಿ ಹದಿನೈದು ಮರವಿದ್ದರೆ ಕೊನೆಯಲ್ಲಿ ಖಾಲಿ ನೆಲಕ್ಕೊಂದು ಏಟು ಹಾಕಿ ಲೆಕ್ಕ ಸರಿಮಾಡುತ್ತಿದ್ದರು. ಪಾತಿಗೆ ನೀರು ಬಿಟ್ಟು ಎರಡು ಮದುವೆ ಹಾಡಿನಷ್ಟು ಹೊತ್ತು ಕಾಯುವರು. ಹಾಲು ಕರೆಯುವಾಗ ಬಕೆಟ್ಟಿನ ಅಂಚಿಗೆ ಕಿರುಬೆರಳಿನಿಂದ ತಾಳ ಹಾಕುವರು. ಹಸು ಆ ತಾಳಕ್ಕೆ ಹೇಗೆ ಒಗ್ಗಿತ್ತೆಂದರೆ, ಮುಂಜಾನೆಯ ಮುಹೂರ್ತಕ್ಕೆ ಭಾವ ಹೋದ ದಿನ ಅಕ್ಕ ಕೂತರೆ ತಿರುಗಿ ನೋಡಿ ಸುಮ್ಮನಾಗುತ್ತಿತ್ತು. ಕೊನೆಗೆ ಭಾವ ತಾಳವನ್ನು ಮೊಬೈಲಿಗೆ ರೆಕಾರ್ಡ್ ಮಾಡಿ ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದರು. “ನನ್ ಮದ್ವೆ ಆದಾಗ್ಲಿಂದ ನಂಗೊಂದು ಮೆಸೇಜು ಕಳ್ಸಿಲ್ಲ ಕಣಪ್ಪ, ಹಸಕ್ಕೆ ಕಳ್ಸವ್ರೆ” ಎಂದು ಅಕ್ಕ ಅದನ್ನು ನನಗೆ ಕೇಳಿಸಿದ್ದಳು. ಹಸು ಹಾಲು ಕೊಟ್ಟಿತೋ ಇಲ್ಲವೋ ನೆನಪಿಲ್ಲ. ಕೊಟ್ಟಿತೆಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಅದಕ್ಕೇ ಬರೆಯುತ್ತಿಲ್ಲ.

ಹಳೆಯದಾದ ಬ್ಯಾಂಡ್ ಕೋಟುಗಳು ರಾಗಿ ಹೊಲದಲ್ಲಿ ಬೆದರುಬೊಂಬೆಯ ಮೈಮೇಲೆ ನಿವೃತ್ತಿಯಾಗುತ್ತಿದ್ದವು. ಕೆಂಪು ಬಟ್ಟೆ, ಬಂಗಾರದ ದಾರ, ಭುಜದ ಮೇಲೆ ಜಾಲರಿ. ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವನು “ಭಾವ, ಟಿಫನ್ ಆಯ್ತಾ?” ಅಂದೆ. ಉತ್ತರ ಬರಲಿಲ್ಲ. ಏನೋ ಕೋಪವಿರಬೇಕೆಂದುಕೊಂಡು ಬಸ್ಸು ಹತ್ತಿದೆ. ಸಂಜೆ ಬರುವಾಗಲೂ ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ನಿಂತಿದ್ದರು. ಇದನ್ನು ಹೇಳಿಕೊಂಡು ನಾನು ಎಷ್ಟೋ ಸಲ ನಗಿಸಿದ್ದೇನೆ. ಈಗ ಅನ್ನಿಸುವುದೇನೆಂದರೆ, ನಿಜವಾದ ಭಾವನೂ ಆ ಹೊತ್ತಿಗಾಗಲೇ ಉತ್ತರ ಕೊಡುವುದನ್ನು ನಿಲ್ಲಿಸಿದ್ದರು. ಬೊಂಬೆಗೂ ಅವರಿಗೂ ವ್ಯತ್ಯಾಸ ತಿಳಿಯದ್ದಕ್ಕೆ ಕೋಟೊಂದೇ ಕಾರಣವಲ್ಲ.

ತುರುವೇಕೆರೆಯ ಒಂದು ಮದುವೆಯ ವಿಷಯ ಮಾತ್ರ ನಿಜ, ನಾನೇ ಅಲ್ಲಿದ್ದೆ. ಗಂಡಿನವರನ್ನು ಎದುರುಗೊಂಡು ಬ್ಯಾಂಡು ಛತ್ರದ ಕಡೆ ಬರುತ್ತಿತ್ತು. ರಸ್ತೆಯ ನಡುವೆ ಭಾವ ಇದ್ದಕ್ಕಿದ್ದಂತೆ ಕೋಲೆತ್ತಿ ನಿಂತರು. ಬ್ಯಾಂಡೂ ನಿಂತಿತು. ಕೋಟಿನ ಒಳಜೇಬಿನಿಂದ ಫೋನು ತೆಗೆದು ಒಂದು ನಂಬರು ಒತ್ತಿದರು. ಹೆಣ್ಣಿನ ತಂದೆ ಗಾಬರಿಯಿಂದ ಓಡಿಬಂದರು.

“ಯಾಕಪ್ಪ, ಏನಾಯ್ತು? ಯಾಕೆ ನಿಲ್ಸಿದ್ರಿ?”

“ತ್ರೀಫೇಸ್ ಬಂತು. ಮೋಟ್ರು ಆನ್ ಮಾಡ್ತಿದೀನಿ.”

ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ಕರೆಂಟು ಬಂದರೆ ಅದು ಫೋನು ಮಾಡುತ್ತದೆ, ತಿರುಗಿ ಇವರು ಫೋನು ಮಾಡಿದರೆ ಮೋಟಾರು ಓಡುತ್ತದೆ. ಹೆಣ್ಣಿನ ತಂದೆ ಬೈಯುತ್ತಾರೆಂದು ನಾನು ಕಾದೆ. ಅವರು, “ಬಂತಾ? ಯಾವ ಲೈನು?” ಎಂದು ತಮ್ಮ ಪಂಚೆಯ ಮಡಿಕೆಯಿಂದ ಫೋನು ತೆಗೆದರು. ಬೀಗರೂ ತೆಗೆದರು. ಮೆರವಣಿಗೆಯ ಅರ್ಧ ಗಂಡಸರು ರಸ್ತೆಯಲ್ಲಿ ನಿಂತು ಅವರವರ ಮೋಟಾರಿನ ಜೊತೆ ಮಾತಾಡಿ ಮುಗಿಸುವವರೆಗೂ ಮದುಮಗ ಕಾರಿನಲ್ಲಿ ಕತ್ತು ಹೊರಗೆ ಹಾಕಿಕೊಂಡು ಕೂತಿದ್ದ. ಆಮೇಲೆ ಭಾವ ಕೋಲು ಇಳಿಸಿದರು, ಹಾಡು ನಿಂತ ಸಾಲಿನಿಂದಲೇ ಮುಂದುವರಿಯಿತು.

ಆ ದಿನ ನಾನು ಗಮನಿಸದೇ ಹೋದದ್ದು ಒಂದಿದೆ. ಫೋನು ಬಂದದ್ದು ಅವರಿಗೆ ತಿಳಿದದ್ದು ಎದೆಯ ಮೇಲೆ ಅದು ನಡುಗಿದ್ದರಿಂದ. ರಿಂಗು ಯಾವತ್ತೂ ಇರುತ್ತಿರಲಿಲ್ಲ. ಶಿಸ್ತಿನ ಮನುಷ್ಯ, ಕಾರ್ಯದ ನಡುವೆ ಸದ್ದು ಮಾಡಬಾರದೆಂದು ಹೀಗಿಟ್ಟಿದ್ದಾರೆ ಎಂದು ನಾನು ಮೆಚ್ಚಿಕೊಂಡಿದ್ದೆ.

ಕಿವಿ ಹೋಗುತ್ತಿದೆ ಎಂದು ಮೊದಲು ಹೇಳಿದವರು ತುಮಕೂರಿನ ಒಬ್ಬ ಡಾಕ್ಟರು. ಡ್ರಮ್ಮು ಬಿಟ್ಟರೆ ಉಳಿದದ್ದು ಉಳಿಯುತ್ತದೆ ಅಂದಿದ್ದರಂತೆ. ಬಸ್ಸಿನಲ್ಲಿ ವಾಪಸು ಬರುವಾಗಲೇ ಅಕ್ಕ ತೀರ್ಪು ಕೊಟ್ಟಳು: “ಬಾರ್ಸಿ, ಬ್ಯಾಡ ಅನ್ನಲ್ಲ. ಆದ್ರೆ ಈಗಿರೋದ್ಕಿಂತ ಒಂಚೂರು ಕಿವಿ ಹೋದ್ರೂ ಡ್ರಮ್ಮು ಮನೆಯಿಂದಾಚ್ಗೆ.” ಅಲ್ಲಿಂದ ಮುಂದೆ ಭಾವ ಎರಡಲ್ಲ, ಮೂರು ಕೆಲಸ ಮಾಡಬೇಕಾಯಿತು. ತೋಟ ನೋಡುವುದು, ಡ್ರಮ್ಮು ಬಾರಿಸುವುದು, ಕೇಳಿಸುತ್ತದೆ ಎಂದು ನಟಿಸುವುದು.

ಮೂರನೆಯದಕ್ಕೆ ಅವರು ಕಂಡುಕೊಂಡ ಉಪಾಯ ಒಂದೇ ಮಾತಿನದು. ಯಾರು ಏನು ಕೇಳಿದರೂ ಗಂಭೀರವಾಗಿ ತಲೆದೂಗಿ, “ಅದೂ ಸರಿಯೇ” ಅನ್ನುವುದು. ಕೊಬ್ಬರಿ ರೇಟು ಬಿತ್ತಂತೆ ಅಂದರೂ ಅದೂ ಸರಿಯೇ. ಕಾಫಿ ಕುಡೀತೀರಾ ಅಂದರೂ ಅದೂ ಸರಿಯೇ. ಪಂಚಾಯ್ತಿ ಚುನಾವಣೆಯಲ್ಲಿ ಎರಡೂ ಗುಂಪಿನವರು ಬಂದು ನಮಗೇ ಹಾಕಬೇಕು ಅಂದಾಗಲೂ ಅದೂ ಸರಿಯೇ. ಗೆದ್ದವನ ಮೆರವಣಿಗೆಗೆ ಬಾರಿಸಿ ಬರುವಾಗ ಸೋತವನ ಮನೆ ಮುಂದೆ ನಿಂತು ಅದೇ ಹಾಡನ್ನು ಒಂದು ಸಾಲು ಬಾರಿಸಿದರು, ಸಮಾಧಾನಕ್ಕೆ. ಊರಿನಲ್ಲಿ ಎರಡು ಮೂರು ಜನ ಅವರನ್ನು ಜ್ಞಾನಿ ಎಂದೇ ನಂಬಿದ್ದರು. ಹಾಗೆ ನಂಬಿದವರಲ್ಲಿ ಒಬ್ಬ ತತ್ವಶಾಸ್ತ್ರದ ಅಧ್ಯಾಪಕನೂ ಇದ್ದ, ನನ್ನ ಸಹೋದ್ಯೋಗಿ.

ನನಗೆ ಗುಟ್ಟು ತಿಳಿದದ್ದು ತೋಟದಲ್ಲಿ. ಪಂಪಿನ ಮನೆಯ ಹತ್ತಿರ ಅವರು ಬೆನ್ನು ಹಾಕಿ ಪಾತಿ ಕೆತ್ತುತ್ತಿದ್ದರು. ಮೂರು ಸಲ ಕೂಗಿದೆ, ತಿರುಗಲಿಲ್ಲ. ಅನುಮಾನ ಬಂದು ಪರೀಕ್ಷೆಗೆಂದು ಬೈಯತೊಡಗಿದೆ. ಭಾವನಿಗೆ ಬೈಯುವ ಅವಕಾಶ ಸುಮ್ಮನೆ ಸಿಗುವುದಿಲ್ಲ; ಸ್ವಲ್ಪ ಉತ್ಸಾಹದಿಂದಲೇ, ಕೈ ಆಡಿಸಿಕೊಂಡು ಬೈದೆ. ಅವರು ತಿರುಗದೆಯೇ ಹೇಳಿದರು:

“ಸಾಕ್ ಮಾಡ್ಲಾ. ನೆರಳು ಕಾಣ್ತೈತೆ. ಕಾಲೇಜಲ್ಲೂ ಹಿಂಗೇ ಕೈ ಬೀಸ್ಕಂಡು ಪಾಠ ಮಾಡ್ತೀಯಾ?”

ಬದುವಿನ ಮೇಲೆ ಕೂತೆವು. ಎಷ್ಟು ಕೇಳಿಸುತ್ತದೆ ಎಂದು ಬೆರಳಿನಲ್ಲಿ ಅಳತೆ ತೋರಿಸಿ ಕೇಳಿದೆ. ಅವರು ಬೆರಳೆರಡನ್ನೂ ಕೂಡಿಸಿ ಏನೂ ಇಲ್ಲ ಎಂದು ತೋರಿಸಿದರು.

“ಮತ್ತೆ ಬಾರಿಸ್ತೀರಲ್ಲ?” ಎಂದು ಅವರ ಮುಖಕ್ಕೆ ಎದುರಾಗಿ, ಬಾಯಿ ಅಗಲ ಮಾಡಿ ಕೇಳಿದೆ.

“ದೊಡ್ಡ ಡ್ರಮ್ಮು ಹೊಟ್ಟೇಲಿ ಗೊತ್ತಾಯ್ತದೆ. ಹಾಡು ಮಾಸ್ಟ್ರ ಕೆನ್ನೇಲಿ ಕಾಣ್ತದೆ. ಕಿವಿ ಯಾಕ್ಲಾ ಬೇಕು?” ಆಮೇಲೆ ದನಿ ಇಳಿಸಿದೆನೆಂದುಕೊಂಡು, ಅಂದರೆ ಪಕ್ಕದ ತೋಟಕ್ಕಷ್ಟೇ ಕೇಳುವಂತೆ, “ನಿಮ್ಮಕ್ಕಂಗೆ ಹೇಳ್ಬ್ಯಾಡ. ಡ್ರಮ್ಮು ಹೋಯ್ತದೆ” ಅಂದರು.

ಹೇಳಲಿಲ್ಲ. ಅದೊಂದು ಮಾತನ್ನು ಉಳಿಸಿಕೊಂಡೆ ಎಂದು ನನಗೆ ಬಹಳ ದಿನ ಹೆಮ್ಮೆಯಿತ್ತು.

ಇನ್ನು ಅಟ್ಟದ ವಿಷಯ. ನಮ್ಮ ಕಡೆ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಆರುತ್ತದೆ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಇರುವ ದಾರಿ ಒಂದೇ: ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಆಗಿದ್ದರೆ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತದೆ. ನೀರಿದ್ದರೆ ಬೇರೆ ಸದ್ದು. ಸಿಪ್ಪೆ ದಪ್ಪ; ಕೈಗೆ, ಹೊಟ್ಟೆಗೆ, ಕೆನ್ನೆಗೆ ಏನೂ ತಿಳಿಯುವುದಿಲ್ಲ. ಕಿವಿಯೇ ಬೇಕು. ಬಲಿಯುವ ಮೊದಲು ಸಿಪ್ಪೆ ಬಿಚ್ಚಿದರೆ ಕಾಯಿ ತಿರುಗಿ ಅಟ್ಟಕ್ಕೆ ಹೋಗುವಂತಿಲ್ಲ. ಬಿರಿಯುತ್ತದೆ, ಬೂಸಲು ಹಿಡಿಯುತ್ತದೆ. ವರ್ಷದ ಕೊಬ್ಬರಿ ಹೋದಂತೆಯೇ.

ಪ್ರತಿ ವರ್ಷ ಅಕ್ಕನೂ ಭಾವನೂ ಎದುರುಬದುರು ಕೂತು ಅಲ್ಲಾಡಿಸುತ್ತಿದ್ದರು. ಅಕ್ಕ ತಲೆ ಆಡಿಸಿದರೆ ಭಾವ, “ನಂದೂ ಆಗೈತೆ” ಅನ್ನುವರು. ಮೂರು ವರ್ಷದ ಹಿಂದೆ ಅಕ್ಕನ ತಾಯಿ ಜಾರಿಬಿದ್ದು, ಅವಳು ಸಂಪಿಗೆಗೆ ಹೋಗಿದ್ದಳು. ಮುಂದಿನ ವಾರದಿಂದ ಸಾಲು ಮುಹೂರ್ತ. ಬ್ಯಾಂಡಿಗೆ ಒಂದು ದಿನವೂ ಬಿಡುವಿಲ್ಲ. ಕಾಯಿ ಸುಲಿಯುವವರು, ಬಂದರೆ ನಾಳೆ ಬರುತ್ತೇವೆ, ಇಲ್ಲವೆಂದರೆ ತಿಂಗಳು ಕಾಯಬೇಕು ಎಂದಿದ್ದರು. ತೋಟದ ಕೆಲಸ ಮುಗಿಸಿ ಹಗುರಾಗಿ ಡ್ರಮ್ಮು ಹೊರಬೇಕೆಂಬುದು ಭಾವನ ಲೆಕ್ಕ. ಬೆಳಿಗ್ಗೆ ಬಂದು ನನ್ನ ಭುಜ ಹಿಡಿದರು.

“ಬಾಮೈದ, ನಿನ್ ಕಿವಿ ಒಂದ್ಗಂಟೆ ಕೊಡು.”

ನನಗೆ ಧೂಳು ಆಗುವುದಿಲ್ಲ. ಮೂಗಿಗೆ ಕರ್ಚೀಫು ಕಟ್ಟಿ, ಕಾಲಿಗೆ ಸಾಕ್ಸು ಹಾಕಿ ಏಣಿ ಹತ್ತಿದೆ. ಭಾವ ಒಂದೊಂದು ಮೂಲೆಯಿಂದ ಒಂದೊಂದು ಕಾಯಿ ಆರಿಸಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಇದು?”

“ಹ್ಞೂಂ.”

“ಇದು?”

“ಹ್ಞೂಂ ಭಾವ.”

“ಚೆನ್ನಾಗ್ ಕೇಳ್ಲಾ. ಲೊಟಲೊಟ ಅನ್ಬೇಕು. ನೀರಿನ ಸದ್ದು ಬ್ಯಾರೆ.”

“ಅಂತಿದೆ, ಅಂತಿದೆ” ಎಂದು ಹೆಬ್ಬೆರಳೆತ್ತಿ ತೋರಿಸಿದೆ.

ಇಲ್ಲಿಂದ ಮುಂದೆ ನನ್ನ ಹತ್ತಿರ ಮೂರು ನೆನಪುಗಳಿವೆ. ಒಂದರಲ್ಲಿ ಏಣಿಯ ಹತ್ತಿರದ ಕಾಯಿಗಳು ನಿಜವಾಗಿಯೂ ಆಗಿದ್ದವು, ಮಿಕ್ಕವೂ ಹಾಗೇ ಎಂದು ನಾನು ತಿಳಿದುಕೊಂಡೆ. ಎರಡನೆಯದರಲ್ಲಿ ಸದ್ದೇನೋ ಬಂತು, ಕೊಬ್ಬರಿಯದೋ ನೀರಿನದೋ ನನಗೆ ಭೇದ ತಿಳಿಯಲಿಲ್ಲ; ಇತಿಹಾಸದ ಎಂ.ಎ. ಮಾಡಿದವನು ತೆಂಗಿನ ನಾಡಿನಲ್ಲಿ ಹುಟ್ಟಿ ಇದು ತಿಳಿಯದು ಎಂದು ಹೇಳಲು ನಾಚಿಕೆಯಾಯಿತು. ಮೂರನೆಯದರಲ್ಲಿ ನನ್ನ ಕೈಯಲ್ಲಿ ಫೋನಿದೆ, ಆ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ಬಂತೇ ಎಂದು ನೋಡುತ್ತಿದ್ದೇನೆ, ಬಾಯಿ ತಾನಾಗಿ ಹ್ಞೂಂ ಅನ್ನುತ್ತಿದೆ. ಆ ದಿನದ ದಿನಚರಿ ತೆಗೆದು ನೋಡಿದೆ. ‘ಭಾವನ ಅಟ್ಟ. ವಿಪರೀತ ಧೂಳು. ಎಂಟು ಸೀನು’ ಎಂದಿದೆ. ಸೀನುಗಳನ್ನು ಎಣಿಸಿದವನು ಕಾಯಿಗಳ ಬಗ್ಗೆ ಒಂದು ಅಕ್ಷರ ಬರೆದಿಲ್ಲ.

ಮಾರನೆಯ ದಿನ ಅಂಗಳದಲ್ಲಿ ಹಾರೆ ನೆಟ್ಟು ಸುಲಿಯುವವರು ಶುರುಮಾಡಿದರು. ಅವರಲ್ಲೊಬ್ಬ ಎರಡು ಕಾಯಿ ಕೈಯಲ್ಲಿ ತೂಗಿ ನೋಡಿ ಕೇಳಿದ: “ಅಣ್ಣ, ಇನ್ನೂ ಭಾರ ಐತಲ್ಲ?”

“ಅದೂ ಸರಿಯೇ” ಅಂದರು ಭಾವ.

ಯಜಮಾನನೇ ಹೀಗಂದ ಮೇಲೆ ಅವನು ಸುಲಿದ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಗುಡ್ಡೆಯಾಯಿತು. ಚಿಪ್ಪು ಬಿಡಿಸಲು ಕೂತ ಹೆಂಗಸೊಬ್ಬಳು ಮಚ್ಚಿನಿಂದ ಮೊದಲ ಏಟು ಹಾಕಿದಾಗ ಅವಳ ಸೆರಗಿನ ಮೇಲೆ ನೀರು ಹಾರಿತು. ಎರಡನೆಯದರಲ್ಲೂ ಹಾರಿತು. ಹತ್ತನೆಯದನ್ನು ಭಾವನೇ ಒಡೆದರು. ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡಿತ್ತು. ಒಳಗಿದ್ದ ಎರಡು ಗುಟುಕು ನೀರು ಕುಡಿದು, ಹುಳಿಯೋ ಸಿಹಿಯೋ ಎಂಬಂತೆ ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿ, ಕಾಂಪೌಂಡಿನ ಆಚೆ ನಿಂತಿದ್ದ ನನ್ನ ಕಡೆ ಚಿಪ್ಪು ಎತ್ತಿ ತೋರಿಸಿದರು.

“ಬಾರ್ಲಾ. ಎಳ್ನೀರು.”

ಅದರ ಮಾರನೆಯ ದಿನ ಅಕ್ಕ ಬಂದಳು. ಬಸ್ಸಿಳಿದು ಚೀಲ ಕೈಯಲ್ಲಿರುವಂತೆಯೇ ಅಂಗಳದಲ್ಲಿ ನಿಂತು ನೋಡಿದಳು. ಒಡೆದ ಹಸಿ ಚೂರುಗಳನ್ನು ಗೋಣಿಯ ಮೇಲೆ ಹರವಿತ್ತು, ನೊಣ ಮುತ್ತಿತ್ತು. ನಾನು ಜಗಲಿಯ ಕಂಬದ ಹತ್ತಿರ ಇದ್ದೆ.

“ಅಲ್ಲಾಡ್ಸಿ ನೋಡಿದ್ಯಾರು?” ಎಂದು ಗಂಡನ ಮುಖಕ್ಕೆ ಎದುರು ನಿಂತು ಕೇಳಿದಳು.

ನಾನು ಬಾಯಿ ತೆರೆದೆ. ತೆರೆದೆ ಎಂದೇ ನನ್ನ ನೆನಪು. ಭಾವ ನನ್ನ ಕಡೆ ನೋಡಲಿಲ್ಲ.

“ನಾನೇಯ. ಕೇಳ್ಸಲ್ಲ ಕಣೇ. ನಾಕು ವರ್ಷಾಯ್ತು. ಏನೂ ಕೇಳ್ಸಲ್ಲ.”

ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಅವರು ಅಷ್ಟು ಚಿಕ್ಕದಾಗಿ ಹೇಳಿದರು. ಅಕ್ಕ ಕೂಗಾಡಲಿಲ್ಲ. ಒಳಗೆ ಹೋಗಿ ಗೂಟದಿಂದ ಡ್ರಮ್ಮು ಇಳಿಸಿ ತಂದು ಜಗಲಿಯ ಮೇಲಿಟ್ಟಳು. ನನ್ನ ಕಡೆ ತಿರುಗಿ, “ಮಾಸ್ಟ್ರಿಗೆ ಪೋನ್ ಮಾಡಪ್ಪ. ಬಂದು ತಗಂಡೋಗ್ಲಿ” ಅಂದಳು. ನಾನು ಫೋನು ಮಾಡಿದೆ. ಮೊದಲ ರಿಂಗಿಗೇ ಅವರು ಎತ್ತಿದರು.

ಆ ವರ್ಷ ಹಸಿ ಚೂರನ್ನೆಲ್ಲ ಒಣಗಿಸಿ ಗಾಣಕ್ಕೆ ಹಾಕಿಸಿದರು. ಬೀದಿಗೆಲ್ಲ ಎಣ್ಣೆ ಹಂಚಿದಳು ಅಕ್ಕ. ನಮ್ಮ ಬೀದಿಯ ತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನನಗೂ ಎರಡು ಬಾಟಲಿ ಬಂತು. ಪ್ರತಿ ಭಾನುವಾರ ನೆತ್ತಿಗೆ ತಟ್ಟಿಕೊಳ್ಳುವಾಗ ನನ್ನ ಹ್ಞೂಂಗಳನ್ನೇ ತಟ್ಟಿಕೊಂಡಂತಾಗುತ್ತಿತ್ತು.

ಡ್ರಮ್ಮಿಲ್ಲದ ಭಾವ ಆ ವರ್ಷ ತೋಟವನ್ನು ಊರಿನಲ್ಲೇ ಚೆನ್ನಾಗಿ ಇಟ್ಟರು. ಪಾತಿಗಳು ತಟ್ಟೆಯ ಹಾಗಿದ್ದವು. ಆದರೆ ಕೈ ಸುಮ್ಮನಿರಲಿಲ್ಲ. ಹಾಲಿನ ಕ್ಯಾನು, ನೀರಿನ ಡ್ರಮ್ಮು, ಡೈರಿಯ ಕಿಟಕಿ, ಬಸ್ಸಿನ ಮುಂದಿನ ಸೀಟಿನವರ ತಲೆಯ ಹಿಂದಿನ ಕಂಬಿ ಎಲ್ಲಕ್ಕೂ ಬಾರಿಸುವರು, ಎಷ್ಟು ಸದ್ದಾಗುತ್ತಿದೆ ಎಂದು ಅವರಿಗೇ ತಿಳಿಯದು. ನೆಂಟರ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಕೂತು, ಬೇರೆ ಬ್ಯಾಂಡಿನ ದೊಡ್ಡ ಡ್ರಮ್ಮು ಹೊಟ್ಟೆಗೆ ತಗುಲಿದ್ದೇ ತಡ, ಎಲೆಯ ಮೇಲೆ ಬಾರಿಸಿಬಿಟ್ಟರು. ಸಾರು ಎದುರಿನ ಸಾಲಿನವರ ಜುಬ್ಬಾಗಳಿಗೆ ಹಾರಿತು. “ಡ್ರಮ್ಮಿದ್ದಾಗ ವಾರಕ್ಕೆರಡು ದಿನ ತಲೆನೋವು. ಈಗ ದಿನಾ” ಎಂದಳು ಅಕ್ಕ.

ಮಾಸ್ಟರ ಗತಿ ಇನ್ನೂ ಕೆಟ್ಟಿತ್ತು. ಅವರು ಇಟ್ಟುಕೊಂಡ ಹೊಸ ಡ್ರಮ್ಮಿನವರು ಮೂರು ಜನ, ಮೂರು ಮದುವೆಗೆ ಒಬ್ಬೊಬ್ಬರಾಗಿ ಬಿಟ್ಟುಹೋದರು. ಕೊನೆಗೆ ಮಾಸ್ಟರೇ ಅಕ್ಕನ ಮುಂದೆ ಬಂದು ಕೂತು ಹೇಳಿದರು:

“ಅಕ್ಕಾರೆ, ಅಣ್ಣಂಗೆ ಕಿವಿ ಕೇಳ್ಸಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು.”

“ಗೊತ್ತಿದ್ದೂ ಕರೀತಿದ್ರಾ?”

“ಕಿವಿ ಇರೋರು ಯಾರೂ ನನ್ ಪಕ್ಕ ನಿಲ್ತಿಲ್ಲ ಕಣಕ್ಕ. ನನ್ ಕ್ಲಾರಿನೆಟ್ಟು ಹಂಗೈತೆ.”

ಅಕ್ಕ ನಕ್ಕಳು. ಆ ವರ್ಷ ಅವಳು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.

ಅದಾದ ಮೇಲೆ ಅಕ್ಕ ಭಾವನನ್ನು ತಿರುಗಿ ತುಮಕೂರಿಗೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳದಂಥದನ್ನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಭಾವ ಎಲ್ಲಕ್ಕೂ ಸರಿಯಾಗಿ ಒತ್ತುತ್ತಿದ್ದರು. ಪರೀಕ್ಷೆ ಮಾಡುವ ಹುಡುಗಿಗೆ ಆಶ್ಚರ್ಯ. ಆಮೇಲೆ ಅವಳಿಗೆ ಹೊಳೆಯಿತು, ತಾನು ಸದ್ದು ಬಿಡುವಾಗಲೆಲ್ಲ ಹುಬ್ಬು ಏರಿಸುತ್ತಿದ್ದೇನೆ ಎಂದು. ತಿರುಗಿ ಕೂತು ಮಾಡಿದಳು. ಭಾವ ಒಮ್ಮೆಯೂ ಒತ್ತಲಿಲ್ಲ. ಡಾಕ್ಟರು ಕಾಗದ ನೋಡಿ, ಉಳಿಸಿಕೊಳ್ಳಲು ಇನ್ನೇನೂ ಇಲ್ಲ ಎಂದರು.

ಬಸ್ಸಿನಲ್ಲಿ ಕೂತ ಮೇಲೆ ಅಕ್ಕ ನನಗೆ ಹೇಳಿದಳು, “ಇದ್ದ ಕಿವಿ ಉಳೀಲಿ ಅಂತ ಬ್ಯಾಡ ಅಂದಿದ್ದು. ಇಲ್ದಿರೋ ಕಿವಿಗೆ ಯಾಕೆ ಬ್ಯಾಡ ಅನ್ಲಿ?” ಮಾಸ್ಟರಿಗೆ ಅವಳೇ ಫೋನು ಮಾಡಿದಳು. ಈ ಸಲ ನನಗೆ ಮಾಡು ಅನ್ನಲಿಲ್ಲ.

ಡ್ರಮ್ಮು ತಿರುಗಿ ಗೂಟಕ್ಕೆ ಬಂತು. ಇನ್ನೆರಡು ವರ್ಷ ಬಾರಿಸಿದರು. ನಟಿಸುವ ಕೆಲಸ ಇಲ್ಲದ್ದರಿಂದ ಇನ್ನೂ ಜೋರಾಗಿ ಬಾರಿಸಿದರು ಎಂದು ನನಗೆ ಅನ್ನಿಸುತ್ತದೆ. ಮಾಸ್ಟರೂ ಹಾಗೇ ಅನ್ನುತ್ತಾರೆ. ಆದರೆ ಸಂಗೀತದ ವಿಷಯದಲ್ಲಿ ಮಾಸ್ಟರ ಮಾತನ್ನು ಎಷ್ಟು ನಂಬಬೇಕೋ ತಿಳಿಯದು. “ಅದೂ ಸರಿಯೇ” ಮಾತ್ರ ಬಿಡಲಿಲ್ಲ. ಒಮ್ಮೆ ತೋಟದಲ್ಲಿ ಇಬ್ಬರೇ ಇದ್ದಾಗ ಅವರ ಎದುರು ನಿಂತು, ಬಾಯಿ ಅಗಲ ಮಾಡಿ, ಬೇಕಾದಷ್ಟು ಜೋರಾಗಿ ಕೇಳಿದೆ: “ಭಾವ, ಅವತ್ತು ಅಕ್ಕನ ಮುಂದೆ ನನ್ನ ಹೆಸರು ಯಾಕೆ ಹೇಳಲಿಲ್ಲ?”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗಂಭೀರವಾಗಿ ತಲೆದೂಗಿ, “ಅದೂ ಸರಿಯೇ” ಎಂದು ಗುದ್ದಲಿ ಎತ್ತಿಕೊಂಡರು. ಅರ್ಥವಾಗಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಭಾವ ಹೋದದ್ದು ಸುಲಭವಾಗಿಯೇ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಜಗಲಿಯ ಕಂಬಕ್ಕೆ ಒರಗಿದವರು ಏಳಲಿಲ್ಲ. ಮಣ್ಣಿಗೆ ತೋಟಕ್ಕೇ ಒಯ್ದೆವು. ಬ್ಯಾಂಡಿನವರು ಆರು ಜನ ಕೆಂಪು ಕೋಟಿನಲ್ಲಿ ಬಂದು ಬಾರಿಸಿದರು. ಮಣ್ಣು ಹಾಕುವ ಹೊತ್ತಿಗೆ ಅಕ್ಕನ ಕೈಯಲ್ಲಿದ್ದ ಭಾವನ ಫೋನು ನಡುಗಿತು. ಬ್ಯಾಂಡು ತಾನಾಗಿ ನಿಂತಿತು. ಅಕ್ಕ ಫೋನು ನೋಡಿದಳು. “ತ್ರೀಫೇಸ್ ಬಂತು” ಎಂದು ಮಾಸ್ಟರ ಕಡೆ ಹೇಳಿ, ಆ ನಂಬರು ಒತ್ತಿದಳು. ದೂರದಲ್ಲಿ ಮೋಟಾರು ಓಡತೊಡಗಿದ್ದು ಎಲ್ಲರಿಗೂ ಕೇಳಿಸಿತು. ಕೆಲವರು ಅತ್ತಿತ್ತ ನೋಡಿ ಮೆಲ್ಲಗೆ ಜೇಬಿಗೆ ಕೈಹಾಕಿದರು.

ಹನ್ನೊಂದು ದಿನದ ಕಾರ್ಯ ಮುಗಿದ ಮೇಲೆ ಅಕ್ಕ ಬಸ್‌ಸ್ಟಾಪಿನಿಂದ ಫ್ಲೆಕ್ಸ್ ಬಿಚ್ಚಿಸಿ ತರಿಸಿಕೊಂಡಳು. ಮಡಿಸಿ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಕರೆದಳು.

“ಬಾರಪ್ಪ. ಅಟ್ಟ ಹತ್ಬೇಕು.”

ಏಣಿ ಹತ್ತಿ ನೋಡಿದರೆ, ಹೆಂಚು ಸೋರುವ ಮೂಲೆಯಲ್ಲಿ ಫ್ಲೆಕ್ಸು ಹಾಸಿ ಅದರ ಮೇಲೆ ಕಾಯಿ ಜೋಡಿಸಿದ್ದಳು. ಭಾವ ಕೆಂಪು ಕೋಟಿನಲ್ಲಿ ಅಂಗಾತ ಮಲಗಿದ್ದರು. ಕಾಯಿ ಎದೆಯವರೆಗೂ ಬಂದಿತ್ತು. ಪಕ್ಕದಲ್ಲಿ ‘ಮೃದುಭಾಷಿ’ ಎಂಬುದು ಪೂರ್ತಿ ಕಾಣುತ್ತಿತ್ತು.

“ಸಾಕ್ಸ್ ಬಿಚ್ಚು ಮೊದ್ಲು” ಅಂದಳು ಅಕ್ಕ. “ಅವತ್ತೂ ಅಟ್ಟದ ತುಂಬ ನಿನ್ ಸಾಕ್ಸಿನ ಗುರುತೇ.”

ನಾನು ಬಗ್ಗಿದವನು ಬಗ್ಗಿಯೇ ಇದ್ದೆ. “ಅವತ್ತೇ ಗೊತ್ತಿತ್ತಾ ಅಕ್ಕ?”

“ಈ ಊರಲ್ಲಿ ಸಾಕ್ಸ್ ಹಾಕ್ಕಂಡು ಅಟ್ಟ ಹತ್ತೋನು ಇನ್ಯಾರವ್ನೆ?” ಕಾಯೊಂದನ್ನು ಭಾವನ ಎದೆಯ ಮೇಲಿನಿಂದ ಎತ್ತಿಕೊಂಡು, ಸಿಪ್ಪೆಯ ಧೂಳನ್ನು ಸೆರಗಿನಲ್ಲಿ ಒರೆಸಿದಳು. “ಅವ್ರಿಗೇನೋ ಕಿವಿ ಇರ್ಲಿಲ್ಲ ಕಣಪ್ಪ. ನಿಂಗೇನಾಗಿತ್ತು?”

ಧೂಳು, ಎಂಟು ಸೀನು, ಉಪನ್ಯಾಸಕರ ಪಟ್ಟಿ, ನೀರಿನ ಸದ್ದು. ಮೂರು ನೆನಪೂ ಬಾಯಿಗೆ ಬಂದವು. ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಕಾಯಿ ನನ್ನ ಕೈಗಿಟ್ಟು, “ಅಲ್ಲಾಡ್ಸು” ಅಂದಳು.

ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಇತ್ತು. ಇನ್ನೊಮ್ಮೆ ಅಲ್ಲಾಡಿಸಿದೆ. ಕಣ್ಣು ಮುಚ್ಚಿ ಮೂರನೆಯ ಸಲ.

“ಗೊತ್ತಾಗ್ತಿಲ್ಲ ಅಕ್ಕ.”

ಅಕ್ಕ ಕಾಯಿ ಇಸಕೊಂಡಳು. ತಾನೂ ಕಿವಿಗೆ ಹಿಡಿದು ನೋಡಲಿಲ್ಲ. ಎಲ್ಲಿಂದ ತೆಗೆದಿದ್ದಳೋ ಅಲ್ಲಿಯೇ, ಕೋಟಿನ ಎರಡನೆಯ ಗುಂಡಿಯ ಮೇಲೆ, ಉರುಳದಂತೆ ಒತ್ತಿ ಇಟ್ಟಳು.

“ಹಂಗಾರೆ ಇರ್ಲಿ ಬುಡು, ಇನ್ನೊಂದ್ ತಿಂಗ್ಳು.”